ನಿಂತ ಗರಗಸ ಎಬ್ಬಿಸಿದ್ದು

ಡಿಗ್ರಿ ಪಡೆದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ: ಯಾರೂ ಕೇಳದಿದ್ದರೂ ಲೆಕ್ಕ ಹಾಕಿ ತೋರಿಸುವುದು. ನಮ್ಮ ವಂಶದಲ್ಲಿ ಈ ಕಾಯಿಲೆ ಬಂದ ಮೊದಲಿಗ ನಾನೇ. ಸಿರಿಗೆರೆಗೆ ಬಸ್ಸಿನ ಬಾಗಿಲಲ್ಲಿ ಜೋತಾಡಿಕೊಂಡು ಹೋಗಿ ಬಿ.ಎಸ್ಸಿ. ಮುಗಿಸಿದವನಿಗೆ ಅಷ್ಟಾದರೂ ಕೊಬ್ಬು ಇರಬೇಡವೇ?

ಮೊನ್ನೆ ಮಾಡದಕೆರೆಯಲ್ಲಿ ನಮ್ಮ ಹೊಸ ಮನೆಗೆ ಬಾಗಿಲು ನಿಲ್ಲಿಸುವ ಪೂಜೆ. ಹತ್ತೂವರೆಯೊಳಗೆ ಚೌಕಟ್ಟು ನಿಲ್ಲಬೇಕು. ತಪ್ಪಿದರೆ ಮುಂದೆ ಆಷಾಢ, ತಿಂಗಳು ಪೂರ್ತಿ ಕೆಲಸ ನಿಂತಂತೆ. ಹತ್ತು ಗಂಟೆಗೆ ನೋಡಿದರೆ ಚೌಕಟ್ಟಿನ ಒಂದು ಕಾಲು ಎರಡು ಬೆರಳು ಉದ್ದ! ಕರೆಂಟೂ ಇಲ್ಲ. ಬಡಗಿ ಈರಾಚಾರಿ ಕೈಗರಗಸ ಮುಟ್ಟಿ ವರ್ಷಗಳಾಗಿವೆ. ನಾನು ಪೂಜೆಯ ಫ್ಯಾನು, ಮೈಕಿಗೆಂದು ಬಾಡಿಗೆಗೆ ತಂದಿದ್ದ ಪುಟ್ಟ ಜನರೇಟರ್ ತೋರಿಸಿ, “ಇದು ಎರಡು ಸಾವಿರ ವ್ಯಾಟು. ನಿಮ್ಮ ಕರೆಂಟಿನ ಗರಗಸ ಸಾವಿರದ ನಾನೂರು, ಫ್ಯಾನು, ಮೈಕು ಸೇರಿ ಇನ್ನೂರು. ಇನ್ನೂ ನಾನೂರು ಉಳೀತು. ಹಾಕ್ರಿ ಆಚಾರ್ರೆ” ಎಂದೆ.

ಅವರು ಗುಂಡಿ ಒತ್ತಿದರು. ಗರಗಸ ಒಮ್ಮೆ ಹೂಂಕರಿಸಿತು. ಜನರೇಟರ್ ಕೆಮ್ಮಿ ಕಣ್ಣು ಮುಚ್ಚಿತು. ಹಗ್ಗ ಎಳೆದು ಎಬ್ಬಿಸಿದೆ, ಮತ್ತೆ ಮಲಗಿತು. ಮೂರನೇ ಸಲಕ್ಕೆ ನನ್ನ ತೋಳೂ ಸೋತಿತು, ಲೆಕ್ಕ ಮಾತ್ರ ಸರಿಯಾಗಿಯೇ ಬರುತ್ತಿತ್ತು.

“ನಿಮ್ ಲೆಕ್ಕ ಇದಕ್ ಗೊತ್ತಿಲ್ಲ ಅಂತ ಕಾಣ್ತದೆ ಸಾರ್” ಎಂದರು ಆಚಾರ್ರು.

ಅಷ್ಟರಲ್ಲಿ ಅರಿಶಿನದ ಬಟ್ಟಲು ಹಿಡಿದು ನಿಂತಿದ್ದ ಅವ್ವ ರೇಗಿದಳು: “ಲೇ, ಹೇರಿದ ಗಾಡಿ ಹೊಂಟ ಮ್ಯಾಲೆ ಎರಡೆತ್ತು ಸಾಕು. ನಿಂತಿದ್ದನ್ನ ಎಬ್ಸಾಕೆ ನಾಕು ಜನ ಗಾಲಿಗೆ ಕೈ ಕೊಡಬೇಕು. ಆ ಫ್ಯಾನು, ಮೈಕು ಮೊದ್ಲು ಇಳ್ಸು!”

ಫ್ಯಾನು ನಿಂತಿತು, ನೆಂಟರು ಸೆರಗು ಬೀಸಿಕೊಂಡರು. ಪೂಜೆಗೆ ಬಂದಿದ್ದ ಅಯ್ಯನವರು ಮೈಕನ್ನು ಎದೆಗವಚಿಕೊಂಡು, “ಮೈಕಿಲ್ದೆ ಮಂತ್ರ ಹೆಂಗಪ್ಪ?” ಎಂದರು.

“ಬಾಯಲ್ಲೇ ಹೇಳ್ರಿ ಅಯ್ನೋರೆ, ದೇವ್ರು ಇಲ್ಲೇ ಅದಾನೆ” ಎಂದು ಅವ್ವ ವೈರು ಕಿತ್ತಳು.

ಈ ಸಲ ಆಚಾರ್ರು ಗರಗಸವನ್ನು ಮರಕ್ಕೆ ತಾಗಿಸದೆ ಗಾಳಿಯಲ್ಲೇ ತಿರುಗಿಸಿದರು. ಜನರೇಟರ್ ಒಂದು ಗಳಿಗೆ ತಡವರಿಸಿತು, ಆಮೇಲೆ ದನಿ ಹಿಡಿಯಿತು. ವೇಗ ಬಂದ ಮೇಲೆ ಮರಕ್ಕೆ ಮೆಲ್ಲಗೆ ಇಳಿಸಿದರು. ಹತ್ತು ಇಪ್ಪತ್ತೆಂಟಕ್ಕೆ ಬಾಗಿಲು ನಿಂತಿತು.

ಊಟದ ಪಂಕ್ತಿಯಲ್ಲಿ ಯಾರೋ ಏನಾಗಿತ್ತೆಂದು ಕೇಳಿದ್ದೇ ತಡ, ಮೋಟಾರು ಶುರುವಾಗುವಾಗ ಎರಡು ಮೂರು ಪಟ್ಟು ಕರೆಂಟು ಎಳೆಯುತ್ತದೆಂದು ನಾನು ಅರ್ಧ ಗಂಟೆ ಪಾಠ ಮಾಡಿದೆ. ಗಾಡಿ, ಎತ್ತುಗಳ ಉದಾಹರಣೆಯನ್ನೂ ಕೊಟ್ಟೆ. “ಮಗನ್ನ ಓದ್ಸಿದ್ದು ಸಾರ್ಥಕ ಆತು ಬಿಡವ್ವ” ಎಂದರು ನೆಂಟರು.

“ಹೂನಪ್ಪ. ಅವ್ನು ಹೇಳ್ಲಿಲ್ಲ ಅಂದ್ರೆ ನಮಗೆಲ್ಲಿ ತಿಳೀತಿತ್ತು?” ಎನ್ನುತ್ತಾ ಅವ್ವ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು. ನಾನು ತಲೆ ಎತ್ತದೆ ಅದನ್ನು ಮುರಿದೆ.