ಹಿಮ್ಮಡಿ ನೋಡುವ ಚಿಕ್ಕಪ್ಪ

ಲೋಕದಲ್ಲಿ ಎಲ್ಲರೂ ಎದುರಿಗೆ ಬಂದವರ ಮುಖ ನೋಡುತ್ತಾರೆ. ನಮ್ಮ ಚಿಕ್ಕಪ್ಪ ಮಾತ್ರ ಹಿಮ್ಮಡಿ ನೋಡುತ್ತಿದ್ದರು. ಅದೂ ಹಿಂದಿನಿಂದ, ಬಗ್ಗಿ!

ದಾವಣಗೆರೆಯ ಮೆಡಿಕಲ್ ಕಾಲೇಜೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವರದು. ನಮ್ಮ ಅಜ್ಜ, ಆಮೇಲೆ ನನ್ನ ಅಪ್ಪ, ಇಬ್ಬರೂ ನಲವತ್ತೈದು ದಾಟುವ ಮೊದಲೇ ಎದೆನೋವಿನಿಂದ ಹೋಗಿದ್ದರು. ಮನೆಯವರು ಹಣೆಬರಹ ಅಂದರು. ಚಿಕ್ಕಪ್ಪ ಕಾಲೇಜಿನ ಲೈಬ್ರರಿಗೆ ಹೋಗಿ, ನಿಘಂಟು ಪಕ್ಕಕ್ಕಿಟ್ಟುಕೊಂಡು ವಿದೇಶಿ ವೈದ್ಯ ಪತ್ರಿಕೆ ಓದಿದರು. ರಕ್ತದ ಕೊಬ್ಬನ್ನು ಒಳಗೆಳೆದುಕೊಳ್ಳಲು ಪಿತ್ತಜನಕಾಂಗಕ್ಕೆ ಬಾಗಿಲುಗಳಿರುತ್ತವಂತೆ. ಆ ಬಾಗಿಲು ಮಾಡುವ ಜೀನ್ ನಮ್ಮ ವಂಶದಲ್ಲಿ ಕೆಟ್ಟು, ಕೊಬ್ಬು ರಕ್ತದಲ್ಲೇ ಉಳಿದು ಎದೆಯ ರಕ್ತನಾಳ ಕಟ್ಟುತ್ತದಂತೆ. ಹಾಗೆ ಜೀನ್ ಕೆಟ್ಟಿರುವವರ ಹಿಮ್ಮಡಿಯ ಮೇಲೆ ಕೊಬ್ಬಿನ ಗಂಟು ಏಳುತ್ತದಂತೆ. ಬಾಗಿಲು ಹೆಚ್ಚಿಸುವ ಔಷಧವನ್ನು ಎಲ್ಲೋ ಹುಡುಕುತ್ತಿದ್ದಾರಂತೆ. ಅಂದಿನಿಂದ ಅವರು ಕೂತಲ್ಲಿ ಕೂರಲಿಲ್ಲ. ಹೋಟೆಲಿಗೆ ಹೋದರೆ ಎದುರು ಕೂತ ಅಪರಿಚಿತರ ದೋಸೆಯ ಬೆಣ್ಣೆಯನ್ನೂ ಚಮಚದಿಂದ ಬದಿಗೆ ಸರಿಸಿಬಿಡುತ್ತಿದ್ದರು. ಏಟು ಬೀಳಲಿಲ್ಲ ಎನ್ನುವುದೇ ದಾವಣಗೆರೆ ಜನರ ದೊಡ್ಡತನ.

ಪಕ್ಕದ ಮನೆಯ ದರ್ಜಿ ಸಾಹೇಬರಿಗೆ ಒಮ್ಮೆ ಇದನ್ನೆಲ್ಲ ವಿವರಿಸಿದರು.

"ಜಿನ್ ಹಿಡದೈತೇನ್ರಿ ನಿಮ್ ಮನಿಗೆ? ತಾವೀಜ್ ಕಟ್ಟಿಸಾಣ ಬರ್ರಿ," ಎಂದರು ಸಾಹೇಬರು.

"ಜಿನ್ ಅಲ್ಲ ಸಾಹೇಬ್ರೆ, ಜೀನು. ಅಪ್ಪನಿಂದ ಮಗನಿಗೆ ಬರ್ತೈತೆ."

"ಹಂಗಾದ್ರೆ ಖಾಂದಾನಿ ಜಿನ್. ಅದು ಹೋಗೋದು ಕಷ್ಟ."

ಮಲೆಬೆನ್ನೂರಿನಲ್ಲಿ ನಂಟರ ಮದುವೆ. ಸಾಲಾಗಿ ನಿಂತಿದ್ದ ಹಿರಿಯರ ಹಿಮ್ಮಡಿ ನೋಡಲು ಚಿಕ್ಕಪ್ಪ ಬಗ್ಗಿದರು. ಮೊದಲನೆಯವರು ಇದು ನಮಸ್ಕಾರವೆಂದೇ ತಿಳಿದು ತಲೆ ಮುಟ್ಟಿ ಹರಸಿದರು. ಉಳಿದವರು ಸುಮ್ಮನಿರುತ್ತಾರೆಯೇ? ತಮ್ಮ ಸರದಿಗೆ ಚಪ್ಪಲಿ ಬಿಟ್ಟು ಸಿದ್ಧರಾದರು. ಹದಿನೈದು ಹಿಮ್ಮಡಿ ನೋಡಿ ಹದಿನೈದು ಆಶೀರ್ವಾದ ಪಡೆದು ಬಂದ ಚಿಕ್ಕಪ್ಪ, "ಇಬ್ಬರಿಗೆ ಐತೆ" ಎಂದು ಊಟ ಬಿಟ್ಟರು.

ನಾವು ನಗುತ್ತಿದ್ದೆವು, ನನ್ನ ಮದುವೆಯ ಮಾತು ಬರುವವರೆಗೆ. ಹರಿಹರದ ಅತ್ತೆ, ಅಂದರೆ ಅಪ್ಪನ ಮತ್ತು ಚಿಕ್ಕಪ್ಪನ ಅಕ್ಕ, ನನ್ನನ್ನು ತಮ್ಮ ಮಗನಿಗೆ ಕೇಳಿದರು. ಅವನು ನನಗೂ ಇಷ್ಟವಿದ್ದ. ಮಾತು ಮುಗಿಸಲು ನಾವೆಲ್ಲ ಅವರ ಮನೆಗೆ ಹೋದೆವು. ಎಲೆ ಅಡಿಕೆ ತಟ್ಟೆ ಮುಂದಿತ್ತು. ಚಿಕ್ಕಪ್ಪ ಎದ್ದು ನಿಂತರು.

"ಅಕ್ಕಾ, ಈ ಸಂಬಂಧ ಬ್ಯಾಡ. ನಿನ್ನ ಮಗನ ಹಿಮ್ಮಡಿ ಮ್ಯಾಲೆ ಗಂಟು ಐತೆ. ಇಕಿ ಅಪ್ಪಗೂ ಇತ್ತು. ಎರಡೂ ಕಡೆ ಕೆಟ್ಟಿದ್ದು ಕೂಡಿದ್ರೆ ಹುಟ್ಟೋ ಕೂಸು ಬದುಕೋದು ಕಷ್ಟ."

ಅತ್ತೆ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. ಆಮೇಲೆ, "ಕಾಲು ನೋಡಿ ನನ್ನ ಮಗನ್ನ ಬ್ಯಾಡ ಅಂದ್ಯಲ್ಲೋ. ಇನ್ನ ಈ ಹೊಸ್ತಿಲಾ ತುಳೀಬ್ಯಾಡ," ಎಂದರು.

ಅಮ್ಮ ಅಳುತ್ತ ಅಲ್ಲೇ ಉಳಿದಳು. ನಾನು ಮತ್ತು ಚಿಕ್ಕಪ್ಪ ದಾವಣಗೆರೆ ಬಸ್ಸು ಹತ್ತಿದೆವು. ಬಸ್ಸು ಹೊರಟದ್ದೇ ನನಗೆ ಸಿಟ್ಟು ತಡೆಯಲಾಗಲಿಲ್ಲ. ಸೀರೆ ಮೇಲೆತ್ತಿ ಕಾಲು ಮುಂದೆ ಚಾಚಿದೆ.

"ಊರಿನವರದೆಲ್ಲ ನೋಡಿದ್ರಿ. ನಂದೂ ನೋಡ್ರಿ."

ಚಿಕ್ಕಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದರು. ಭತ್ತದ ಗದ್ದೆಗಳು ಹಿಂದೆ ಹೋದವು.

"ನಿಮ್ಮಪ್ಪಂದು ನಾ ಮೊದಲು ನೋಡಿದ್ದು ಅವನ ಹೆಣಕ್ಕೆ ನೀರು ಹಾಕೋವಾಗ," ಎಂದರು. "ನಿಂದು ಔಷಧ ಬಂದ ಮ್ಯಾಲೆ ನೋಡ್ತೀನವ್ವ. ಈಗ್ಲೇ ನೋಡಿ ನಾನೇನು ಮಾಡ್ಲಿ?"

ಆಮೇಲೆ ಬಗ್ಗಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ, ನನ್ನ ಸೀರೆಯ ಅಂಚನ್ನು ಪಾದದವರೆಗೆ ಎಳೆದು ಬಿಟ್ಟರು.