ಕ್ಯಾಂಪ್ ಅಂದ್ರ ಏನು?

ಹೆತ್ತವರು ತಮ್ಮ ಮಕ್ಕಳನ್ನು ತಾವೇ ಹೊಗಳಬಾರದಂತೆ. ಹಾಗೆ ಹೇಳುವವರ ಮಕ್ಕಳನ್ನು ನಾನು ನೋಡಿದ್ದೇನೆ, ಅಲ್ಲಿ ಹೊಗಳಲು ಹೆಚ್ಚಿಗೇನೂ ಇರುವುದಿಲ್ಲ. ನಾನಂತೂ ಹೊಗಳುವವಳೇ. ನನ್ನ ಮಗಳು ಪಲ್ಲವಿ ಬಲು ಶಾಣ್ಯಾ ಹುಡುಗಿ. ಸಿಂಧನೂರಿನಿಂದ ಮಸ್ಕಿಯ ನನ್ನ ಕಚೇರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನವರು ಯಾರೇ ಇರಲಿ, ಇಳಿಯುವಷ್ಟರಲ್ಲಿ ಅವರಿಗೆ ಈ ಸಂಗತಿ ಗೊತ್ತಾಗಿರುತ್ತದೆ. ಈಗೀಗ ಕೆಲವರು ನನ್ನನ್ನು ಕಂಡ ಕೂಡಲೇ ಕಣ್ಣು ಮುಚ್ಚಿ ನಿದ್ದೆ ಬಂದವರಂತೆ ಕೂರುತ್ತಾರೆ. ಕೂರಲಿ. ಈ ಚಾಳಿ ನನಗೆ ಪಾಮನಕಲ್ಲೂರಿನ ನಮ್ಮಪ್ಪನಿಂದ ಬಂದದ್ದು. ಅವರು ಬಂದವರೆದುರು ನನ್ನನ್ನೂ ನಮ್ಮ ಎಮ್ಮೆಯನ್ನೂ ಒಂದೇ ಉಸಿರಿನಲ್ಲಿ ಹೊಗಳುತ್ತಿದ್ದರು. ಎಮ್ಮೆಯ ಸರದಿ ಮೊದಲು ಬರುತ್ತಿತ್ತು.

ಈ ವರ್ಷ ಊರಿನ ಖಾಸಗಿ ಶಾಲೆಯೊಂದು ಪ್ರತಿಭಾವಂತ ಮಕ್ಕಳಿಗೆಂದೇ ವಿಶೇಷ ತರಗತಿ ತೆರೆಯಿತು. ನನ್ನ ಮಗಳಿಗಾಗಿಯೇ ತೆರೆದಿದ್ದಾರೆಂದು ನಾನು ತಿಳಿದುಕೊಂಡೆ. ಪಲ್ಲವಿ ಹೋಗಿ ಮೌಖಿಕ ಪರೀಕ್ಷೆ ಕೊಟ್ಟು ಬಂದಳು. ವಾರದ ನಂತರ ಫೋನು ಬಂತು: ಆಯ್ಕೆಯಾಗಿಲ್ಲ, ಸಾಮಾನ್ಯ ಜ್ಞಾನ ಕಡಿಮೆ. ‘ಏನು ಕೇಳಿದ್ರಬೇ?’ ಎಂದು ಮಗಳನ್ನು ವಿಚಾರಿಸಿದೆ.

‘ಎಲ್ಲಾ ಹೇಳೀನಿ ಬೇ. ಕ್ಯಾಂಪ್ ಅಂದ್ರ ಏನು ಅಂತ ಕೇಳಿದ್ರು. ಆಂಧ್ರದಿಂದ ಬಂದು, ಭತ್ತ ಬೆಳದು, ಮನಿ ಕಟ್ಟಿ, ಗುಡಿ ಕಟ್ಟಿ, ಹೊಳ್ಳಿ ವಾಪಸ್ ಹೋಗಲಾರದಂಗ ಇಲ್ಲೇ ಇದ್ದವರ ಊರು ಅಂದೆ. ಅವ್ರು ನಕ್ಕರು.’

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆಗೆ ನೀರು ಬಂದ ಕಾಲದಲ್ಲಿ ಆಂಧ್ರದ ರೈತರು ಬಂದು ಹೊಲಗಳ ನಡುವೆ ಬೀಡುಬಿಟ್ಟರು. ಆ ಜಾಗಗಳಿಗೆ ಕ್ಯಾಂಪ್ ಎಂದು ಹೆಸರಾಯಿತು. ಗುಡಿಸಲು ಹೋಗಿ ಮಹಡಿ ಮನೆಗಳೆದ್ದರೂ ಹೆಸರು ಕ್ಯಾಂಪ್ ಆಗಿಯೇ ಉಳಿಯಿತು. ಪಲ್ಲವಿಯ ಜೀವದ ಗೆಳತಿ ಸತ್ಯವತಿ ಅಂಥದೊಂದು ಕ್ಯಾಂಪಿನವಳು. ಅವಳಜ್ಜಿಯ ಆವಕಾಯಿ ಉಪ್ಪಿನಕಾಯಿಯ ಆಸೆಗೆ ನನ್ನ ಮಗಳು ಅರ್ಧ ತೆಲುಗು ಕಲಿತಿದ್ದಾಳೆ. ಶಾಲೆಯವರಿಗೆ ಬೇಕಾಗಿದ್ದ ಉತ್ತರ ಮಾತ್ರ ಬೇರೆ: ಕೆಲವು ದಿನ ಡೇರೆ ಹಾಕಿಕೊಂಡು ಇದ್ದು ವಾಪಸಾಗುವ ಜಾಗ.

‘ಯವ್ವಾ, ನಾ ದಡ್ಡಿ ಏನು?’ ಎಂದಳು ಪಲ್ಲವಿ. ಸೀಟು ಹೋದದ್ದಕ್ಕೆ ಬೇಸರವಷ್ಟೇ ಆಗಿತ್ತು, ಈ ಮಾತಿಗೆ ಮೈಯೆಲ್ಲ ಉರಿಯಿತು. ಲಿಂಗಸುಗೂರಿನಲ್ಲಿ ನೌಕರಿಗಿರುವ ನನ್ನ ಗಂಡ ಫೋನಿನಲ್ಲೇ ಅದನ್ನು ಗುರುತಿಸಿದರು. ‘ಹೋಗಿ ಕೈ ಮುಗಿದು ಕೇಳು. ಬಾಯಿ ಮಾತ್ರ ತೆಗಿಬ್ಯಾಡ’ ಎಂದರು. ನನ್ನೊಡನೆ ಸಂಸಾರ ಮಾಡಿದವರಿಗೆ ಇಷ್ಟು ತಿಳಿವಳಿಕೆ ಬರುವುದು ಸಹಜ.

ರಜೆ ಹಾಕಿ ಮಗಳನ್ನು ಕರೆದುಕೊಂಡು ಹೋದೆ. ಕೈ ಮುಗಿದೆ. ಮುಖ್ಯೋಪಾಧ್ಯಾಯರು ಬೇರೆ ಕಡೆಯಿಂದ ಬಂದವರು, ಮಾತು ಬಲು ನಯ. ‘ಮಗು ಚುರುಕಾಗಿದೆ, ಇನ್ನೊಂದು ಅವಕಾಶ ಕೊಡೋಣ. ಹೇಳಮ್ಮಾ, ಕ್ಯಾಂಪ್ ಅಂದರೆ ಕೆಲವು ದಿನ ಇದ್ದು ವಾಪಸ್...?’ ಎಂದು ಅರ್ಧಕ್ಕೆ ನಿಲ್ಲಿಸಿದರು. ಪಲ್ಲವಿ ‘ಹೋಗೋದು’ ಎಂದರೆ ಮುಗಿಯಿತು, ಸೀಟು ನಮ್ಮದು. ಅವಳು ನನ್ನ ಮುಖ ನೋಡಿದಳು. ಆಮೇಲೆ ಅವರನ್ನೇ ಕೇಳಿದಳು: ‘ಹಂಗಾದ್ರ ನಮ್ಮ ಸತ್ಯವತಿ ಮನಿಯವ್ರು ಯಾವಾಗ ಹೋಗ್ತಾರ್ರಿ?’

ಅವಳ ಕಣ್ಣುಗಳು ತುಂಬಿದ್ದವು. ಗಂಡ ಹೇಳಿದ್ದು ನನಗೆ ಮರೆತೇ ಹೋಯಿತು.

‘ಸತ್ಯವತಿ ಮನಿಯವ್ರು ಎಲ್ಲೂ ಹೋಗಲ್ಲ ತಗೋ’ ಎಂದೆ. ‘ನೀವು ಯಾವಾಗ ಗಂಟುಮೂಟಿ ಕಟ್ತೀರಿ ಸರ್? ಹೊರಗ ನಿಮ್ಮ ಶಾಲಿ ಬೋರ್ಡಿನ ಮ್ಯಾಲೂ ವಿಳಾಸ ಹೊಸ ಕ್ಯಾಂಪ್, ಸಿಂಧನೂರು ಅಂತನ ಬರಸೀರಲ್ಲ!’

ಬಾಗಿಲಲ್ಲಿದ್ದ ಜವಾನ ನಕ್ಕು, ಸಾಹೇಬರು ನೋಡಿದ್ದೇ ಅದನ್ನು ಕೆಮ್ಮು ಮಾಡಿಕೊಂಡ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ‘ಮಗು ಜಾಣೆ, ಒಪ್ಪುತ್ತೇನೆ. ಆದರೆ ನಮ್ಮಲ್ಲಿ ಪಾಲಕರ ಸಹಕಾರವನ್ನೂ ನೋಡುತ್ತೇವೆ ಮೇಡಂ’ ಎಂದರು. ನನ್ನ ಸಹಕಾರವನ್ನು ಅವರು ಆಗಲೇ ನೋಡಿಯಾಗಿತ್ತು.

ಆಟೋದಲ್ಲಿ ಪಲ್ಲವಿ ಬಹಳ ಹೊತ್ತು ಲೆಕ್ಕ ಹಾಕಿದಳು. ‘ಹಂಗಾದ್ರ ನಾ ಪಾಸು, ನೀ ಫೇಲು?’ ಎಂದಳು. ಹೂಂ ಎಂದೆ. ಆ ದಿನ ಮೊದಲ ಸಲ ಅವಳ ಮುಖ ಅರಳಿತು. ನನ್ನ ಕೈ ಸವರಿ, ‘ಅಳಬ್ಯಾಡ ಬೇ, ಮುಂದಿನ ವರ್ಸಕ್ಕ ನಾ ಕಲಿಸ್ತೀನಿ’ ಎಂದಳು.

ಅಂದಿನಿಂದ ಮನೆಯಲ್ಲಿ ದಿನಾ ಸಂಜೆ ನನಗೆ ಪಾಠ. ಅವಳು ಕುರ್ಚಿಯ ಮೇಲೆ ಸಾಹೇಬರಾಗಿ ಕೂರುತ್ತಾಳೆ. ಸತ್ಯವತಿ ಬಾಗಿಲಲ್ಲಿ ನಿಂತು ಜವಾನನ ಹಾಗೆ ಕೆಮ್ಮುತ್ತಾಳೆ. ಕ್ಯಾಂಪ್ ಅಂದರೆ ಏನೆಂದು ಸಾಹೇಬರು ತಮಗೆ ತೋಚಿದ್ದನ್ನು ಹೇಳುತ್ತಾರೆ. ನಾನು ಕೈ ಮುಗಿದು, ‘ನೀವು ಹೇಳಿದ್ದ ಖರೇ ಐತ್ರಿ ಸರ್’ ಎಂದು ಒಪ್ಪಿಕೊಂಡರೆ ಸಾಕು, ಪಾಸು.

ಇದುವರೆಗೆ ಒಮ್ಮೆಯೂ ಆಗಿಲ್ಲ.