ಅರಮನೆಯ ಬೀಸುಕಲ್ಲು

ನಮ್ಮ ಮನೆಯ ಮಂದಿ ಒಂದೇ ಗಾಡಿಯಲ್ಲಿ ಕುಳಿತರೆಂದರೆ ಏನಾದರೊಂದು ನಡೆಯಲೇಬೇಕು. ಬಿ.ಎ. ಓದಿದ ಸೊಸೆ ನಾನೊಬ್ಬಳೇ ಆದ್ದರಿಂದ ಅದನ್ನು ಬರೆದಿಡುವ ಕೆಲಸವೂ ನನ್ನದೇ.

ಮಕ್ಕಳ ಹಟಕ್ಕೆ ಬ್ಯಾಡಗಿಯಿಂದ ಸುಮೋ ಮಾಡಿಕೊಂಡು, ಹಾವೇರಿಯಾಚೆ ಹಳೇಕಾಲದ ಊರನ್ನೇ ಕಟ್ಟಿ ತೋರಿಸುವ ತೋಟಕ್ಕೆ ಹೊರಟೆವು. ನನಗೊಂದು ಅಳುಕಿತ್ತು. ಹೊಸ ಮನೆಗೆ ಬಂದಾಗ ಅತ್ತೆಯ ಬೀಸುಕಲ್ಲನ್ನು ಅವರಿಗೆ ಹೇಳದೆ ಆ ತೋಟದವರಿಗೇ ಕೊಟ್ಟುಬಿಟ್ಟಿದ್ದೆ. ಕೇಳಿದರೆ "ರಾಣೆಬೆನ್ನೂರಾಗ ಮೈದುನನ ಮನ್ಯಾಗ ಐತ್ರಿ" ಎನ್ನುತ್ತಿದ್ದೆ. ಮೈದುನನಿಗೂ ಈ ಸಂಗತಿ ಗೊತ್ತಿರಲಿಲ್ಲ. ಆ ದಿನ ಅವನೂ ಜೊತೆಗಿದ್ದ.

ಟವೆಲ್ಲಿನ ಕೆಳಗೆ

ಮೊದಲು ಸಿಕ್ಕಿದ್ದು ದನದ ಸಂತೆಯ ಗೊಂಬೆಗಳು. ಇಬ್ಬರು ವ್ಯಾಪಾರಿಗಳು ಟವೆಲ್ಲಿನ ಮರೆಯಲ್ಲಿ ಕೈ ಹಿಡಿದು ನಿಂತಿದ್ದರು. ನಮ್ಮ ಕಡೆ ಎತ್ತಿನ ದರ ಮಾತಾಡುವುದೇ ಹಾಗೆ, ಬೆರಳು ಮುಟ್ಟಿ. ಮೈದುನ ಒಳಗೆ ಕೈ ಹಾಕಿ ತಡಕಾಡಿದ.

"ಎಷ್ಟಕ್ಕ ಬಂದೈತೋ?" ಎಂದೆ.

"ವೈನಿ, ಇವರಿಗೆ ಬೆರಳಽ ಮಾಡಿಲ್ಲ."

"ಅದಕ್ಕಽ ಮತ್ತ, ವ್ಯಾಪಾರ ಮುಗೀವಲ್ದು," ಎಂದರು ಅತ್ತೆ.

ಮುಕ್ಕಾಲಿನ ಮಗ್ಗಿ

ಮುಂದೆ ಹಳೇ ಶಾಲೆ, ಅದರಾಚೆ ಅಡುಗೆಮನೆ; ಕಲ್ಲು ಇದ್ದರೆ ಅಲ್ಲೇ ಇರಬೇಕು. ಹೊತ್ತು ಕಳೆಯಲಿ ಎಂದು ಶಾಲೆಯ ಚಾಪೆಯ ಮೇಲೆ ನಾನೇ ಮೊದಲು ಕುಳಿತೆ. ರುಮಾಲು ಸುತ್ತಿದ ಮಾಸ್ತರ ವೇಷದವನು (ಇವನು ಗೊಂಬೆಯಲ್ಲ) ಮುಕ್ಕಾಲಿನ ಮಗ್ಗಿ ಕೇಳತೊಡಗಿದ.

"ಏಳು ಮುಕ್ಕಾಲು ಸೇರಿದ್ರ ಎಷ್ಟ್ರಿ?"

ನಾನು ಪಾಟಿಯ ಮೇಲೆ ಗೀಚುತ್ತಿದ್ದಂತೆ, ಎಂದೂ ಶಾಲೆಗೆ ಹೋಗದ ಅತ್ತೆ ಬಾಗಿಲಿಂದಲೇ "ಐದೂಕಾಲು" ಎಂದರು. ಆಮೇಲೆ ನನ್ನತ್ತ ತಿರುಗಿ, "ಬಿ.ಎ.ದಾಗ ಮುಕ್ಕಾಲಿನ ತನಕ ಕಲಸಂಗಿಲ್ಲೇನವಾ?"

ರಾಜಮುದ್ರೆ

ಅಡುಗೆಮನೆ ತಪ್ಪಲಿಲ್ಲ. ಕಲ್ಲು ನಟ್ಟನಡುವೆ ಕೂತಿತ್ತು. ತೋರಿಸುವವನು ಕೋಲು ಚಾಚಿದ.

"ನಾಕನೂರು ವರ್ಷದ್ದು. ಅರಮನ್ಯಾಗ ಇದ್ದದ್ದು. ಈ ಕೆಂಪು ಗುರ್ತ ರಾಜಮುದ್ರೆ."

ಅದು ನಮ್ಮ ಮೆಣಸಿನಕಾಯಿ ಅಂಗಡಿಯ ಚೀಲಕ್ಕೆ ಒತ್ತುವ ಗುರುತು. ಮನೆ ಬದಲಿಸುವಾಗ ಸಾಮಾನು ಕಳೆಯಬಾರದೆಂದು ಎಲ್ಲದರ ಮೇಲೂ ಒತ್ತಿಸಿದವಳು ನಾನೇ.

ಅತ್ತೆ ಬಗ್ಗಿ ಗುರುತಿನ ಮೇಲೆ ಕೈಯಾಡಿಸಿದರು.

"ಇದನ್ನ ಯಾರು ಬೀಸತಿದ್ರಪಾ?"

"ರಾಣಿಯವರಽ ಬೀಸತಿದ್ರು ಅಜ್ಜಿ."

ಅತ್ತೆ ನನ್ನ ಕಿವಿಯ ಹತ್ತಿರ ಬಂದರು. "ನೀ ಕಲ್ಲು ಕೊಟ್ಟದ್ದು ನನಗ ಅವತ್ತಽ ಗೊತ್ತಿತ್ತು. ನಲವತ್ತು ವರ್ಷ ಬೀಸಿ ರಟ್ಟಿ ಸೋತಿದ್ವು, ಪೀಡಾ ಹೋತು ಅಂತ ಸುಮ್ಮನಿದ್ದೆ. ಆದ್ರ ನಾ ರಾಣಿ ಅನ್ನೂದು ಇವತ್ತಽ ಗೊತ್ತಾತು."

ಸೆರಗು ಸರಿಮಾಡಿಕೊಂಡು ಕಟ್ಟೆಯ ಮೇಲೆ ಕುಳಿತರು.

"ಹೋಗವಾ, ರಾಣೀಗೆ ಒಂದು ಕಪ್ ಚಾ ತಾ."